ಸಿಗಡಿಯ ದಾರಿಗೆ ಅಡ್ಡ ಕಟ್ಟಿದ ಗೋಡೆ

ಕಾವೇರಿ ಗಲಾಟೆ ಶುರುವಾದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಮಾತಾಡಿದರೆ ಮುಗೀತು ಅಂತ. ನಾನೂ ಹಾಗೇ ನಂಬಿದ್ದೆ. ಸೆನೆಗಲ್ ನದಿಯ ಕಥೆ ಓದಿದ ಮೇಲೆ ಆ ನಂಬಿಕೆ ಸ್ವಲ್ಪ ಅಲ್ಲಾಡಿದೆ. ಅಲ್ಲಿ ನಿಜವಾಗಿಯೂ ಎಲ್ಲರೂ ಕೂತು ಮಾತಾಡಿದ್ದರು ನೋಡಿ.

ಪಶ್ಚಿಮ ಆಫ್ರಿಕಾದ ನದಿ ಅದು. ಗಿನಿಯ ಬೆಟ್ಟಗಳಲ್ಲಿ ಹುಟ್ಟಿ, ಮಾಲಿ ದಾಟಿ, ಸೆನೆಗಲ್ ಮತ್ತು ಮಾರಿಟೇನಿಯಾ ದೇಶಗಳ ಗಡಿಯಾಗಿ ಹರಿದು, ಸೇಂಟ್ ಲೂಯಿ ಎಂಬ ಊರಿನ ಹತ್ತಿರ ಅಟ್ಲಾಂಟಿಕ್ ಸೇರುತ್ತದೆ. ಭೀಕರ ಬರ ಬಿದ್ದಿದ್ದ ಕಾಲದಲ್ಲಿ, 1972ರಲ್ಲಿ, ಮಾಲಿ, ಮಾರಿಟೇನಿಯಾ, ಸೆನೆಗಲ್ ಮೂರೂ ಸೇರಿ ನದಿಯನ್ನು ಒಟ್ಟಾಗಿ ನೋಡಿಕೊಳ್ಳಲು ಓಎಂವಿಎಸ್ (ಸೆನೆಗಲ್ ನದಿ ಅಭಿವೃದ್ಧಿ ಸಂಸ್ಥೆ) ಅನ್ನುವ ಸಂಸ್ಥೆ ಕಟ್ಟಿದವು. ಗಿನಿ ಬಂದಿದ್ದು 2006ರಲ್ಲಿ. ಇವರ ಒಪ್ಪಂದ ಹೇಗಿದೆ ಅಂದರೆ, ಅಣೆಕಟ್ಟು ಯಾರ ನೆಲದಲ್ಲೇ ಇರಲಿ, ಒಡೆತನ ಎಲ್ಲರದ್ದು. ಮನಂತಾಲಿ ಅಣೆಕಟ್ಟು ಇರುವುದು ಮಾಲಿಯಲ್ಲಿ. ಅದರ ಕರೆಂಟು ಮಾಲಿಗೆ ಶೇ. 52, ಸೆನೆಗಲ್‌ಗೆ 33, ಮಾರಿಟೇನಿಯಾಗೆ 15. 1989ರಲ್ಲಿ ಸೆನೆಗಲ್ ಮತ್ತು ಮಾರಿಟೇನಿಯಾ ನಡುವೆ ರಕ್ತಪಾತವೇ ಆಯಿತು, ರಾಜತಾಂತ್ರಿಕ ಸಂಬಂಧ ಕಡಿದುಹೋಯಿತು, ಆದರೂ ಈ ಸಂಸ್ಥೆ ಬಾಗಿಲು ಹಾಕಲಿಲ್ಲ. ನಮ್ಮಲ್ಲಿ ಒಂದೇ ದೇಶದ ಎರಡು ರಾಜ್ಯಗಳ ಮಧ್ಯೆ ಇಷ್ಟು ಹೊಂದಾಣಿಕೆ ಇದ್ದರೆ ಸಾಕಿತ್ತು, ಅಲ್ವಾ?

ಈಗ ಡಯಾಮಾಕ್ಕೆ ಬರೋಣ. 1986ರಲ್ಲಿ ಮುಗಿದ ಅಣೆಕಟ್ಟು, ಸೇಂಟ್ ಲೂಯಿಯಿಂದ ಸ್ವಲ್ಪ ಮೇಲೆ. ಬೇಸಿಗೆಯಲ್ಲಿ ಸಮುದ್ರದ ನೀರು ನದಿಯೊಳಗೆ ನೂರಾರು ಕಿಲೋಮೀಟರ್ ನುಗ್ಗುತ್ತಿತ್ತು, ಅದನ್ನು ತಡೆಯುವುದೇ ಉದ್ದೇಶ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಹೊಳೆಗಳಿಗೆ ಕಟ್ಟುವ ಕಿಂಡಿ ಅಣೆಕಟ್ಟಿನ ದೊಡ್ಡಣ್ಣ ಅದು. ನಾವು ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದು ಹೊಳೆಯನ್ನು ಬಿಟ್ಟುಬಿಡುತ್ತೇವೆ, ಕನಿಷ್ಠ ತೆಗೆಯಬೇಕು ಅಂತ ಇದೆ. ಡಯಾಮಾ ಹಿಂದೆ ಮಾತ್ರ ದಂಡೆ ಎತ್ತರಿಸಿ ವರ್ಷವಿಡೀ ಸಿಹಿನೀರು ನಿಲ್ಲಿಸಿದರು. ಭತ್ತ, ಕಬ್ಬು ಬೆಳೆಯಿತು. ಅದು ಸುಳ್ಳಲ್ಲ.

ಆದರೆ ಆ ಉಪ್ಪುನೀರು ಇಷ್ಟು ದಿನ ಸುಮ್ನೆ ಬಂದು ಹೋಗುತ್ತಿರಲಿಲ್ಲ. ಜೊಂಡು ಹುಲ್ಲನ್ನು, ಸಿಹಿನೀರಿನ ಬಸವನಹುಳುಗಳನ್ನು ಅಂಕೆಯಲ್ಲಿ ಇಟ್ಟಿತ್ತು. ಉಪ್ಪು ಹೋದದ್ದೇ ತಡ, ಆಳೆತ್ತರದ ಜೊಂಡು ದಡದುದ್ದಕ್ಕೂ ಎದ್ದಿತು, ಬಸವನಹುಳು ಮುತ್ತಿಕೊಂಡವು. ಅವುಗಳ ಜೊತೆಗೇ ಬಂದದ್ದು ಬಿಲ್ಹಾರ್ಜಿಯಾ. ನಮ್ಮ ಕಡೆ ಈ ಕಾಯಿಲೆಯ ಹೆಸರೇ ಗೊತ್ತಿಲ್ಲ, ಪುಣ್ಯ. ಇದರ ಹುಳು ಮೊದಲು ಬಸವನಹುಳುವಿನೊಳಗೆ ಬೆಳೆಯುತ್ತದೆ, ಆಮೇಲೆ ನೀರಿಗೆ ಬಿಡುಗಡೆಯಾಗಿ, ಬಟ್ಟೆ ಒಗೆಯಲು ಇಳಿದವರ, ಈಜುವ ಮಕ್ಕಳ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಕರುಳು, ಪಿತ್ತಜನಕಾಂಗ (ಲಿವರ್) ಹಾಳಾಗುತ್ತವೆ. ರಿಷಾರ್ ತೋಲ್ ಎಂಬ ಕಬ್ಬಿನ ಊರಿನಲ್ಲಿ ಕರುಳಿನ ಬಿಲ್ಹಾರ್ಜಿಯಾ ಮೊದಲು ಕಂಡದ್ದು 1988ರಲ್ಲಿ. ಅಣೆಕಟ್ಟು ಮುಗಿದು ಎರಡೇ ವರ್ಷ. ಇನ್ನೆರಡು ಮೂರು ವರ್ಷದಲ್ಲಿ ಪರೀಕ್ಷೆ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇತ್ತು. ಮಾತ್ರೆ ಇದೆ, ಪ್ರಾಜಿಕ್ವಾಂಟೆಲ್ ಅಂತ, ಒಳಗಿನ ಹುಳು ಸಾಯುತ್ತದೆ. ಮಾತ್ರೆ ನುಂಗಿದ ಹುಡುಗ ಮತ್ತೆ ಅದೇ ನೀರಿಗೆ ಇಳಿಯುತ್ತಾನೆ. ಬೇರೆಲ್ಲಿಗೆ ಹೋದಾನು?

ಈ ಬಸವನಹುಳುಗಳನ್ನು ತಿನ್ನುತ್ತಿದ್ದ ಒಂದು ಪ್ರಾಣಿ ಆ ನದಿಯಲ್ಲಿತ್ತು. ಅಲ್ಲಿನ ದೊಡ್ಡ ಸಿಹಿನೀರಿನ ಸಿಗಡಿ. ಇದು ಬದುಕುವುದು ಸಿಹಿನೀರಿನಲ್ಲಿ, ಮರಿ ಬೆಳೆಯಲು ಮಾತ್ರ ಅಳಿವೆಯ ಉಪ್ಪು ಬೆರೆತ ನೀರೇ ಬೇಕು. ಹಾಗಾಗಿ ತಾಯಿ ಕೆಳಗಿಳಿಯಬೇಕು, ಮರಿಗಳು ಮತ್ತೆ ಮೇಲೆ ಹತ್ತಿ ಬರಬೇಕು. ಮಧ್ಯೆ ಡಯಾಮಾ ನಿಂತಿತು. ಗೋಡೆಯ ಮೇಲ್ಭಾಗದಲ್ಲಿ ಸಿಗಡಿ ಹೆಚ್ಚುಕಡಿಮೆ ಇಲ್ಲವಾಯಿತು. ಸಿಗಡಿ ತಿನ್ನುವ ನಮಗೆ ಇದು ಊಟದ ನಷ್ಟ ಅಂತ ಅನ್ನಿಸಬಹುದು, ಅಲ್ಲಿ ಹೋದದ್ದು ಮಕ್ಕಳ ಕರುಳು ಕಾಯುತ್ತಿದ್ದ ಕಾವಲುಗಾರ.

ನಂಬಿಕೆ ಬರದಿದ್ದರೆ ಇದನ್ನು ಕೇಳಿ. ಲಾಂಪ್ಸಾರ್ ಎಂಬ ಹಳ್ಳಿಯಲ್ಲಿ ವಿಜ್ಞಾನಿಗಳು ಜನ ನೀರಿಗಿಳಿಯುವ ಜಾಗಕ್ಕೆ ಬಲೆ ಕಟ್ಟಿ ಒಳಗೆ ಸಿಗಡಿ ಬಿಟ್ಟರು. ಇನ್ನೊಂದು ಹಳ್ಳಿಯಲ್ಲಿ ಬಿಡಲಿಲ್ಲ. ಸಿಗಡಿ ಇದ್ದ ಕಡೆ ಸೋಂಕಿನ ಬಸವನಹುಳುಗಳು ತುಂಬಾ ಕಡಿಮೆಯಾದವು, ಜನರ ಸೋಂಕೂ ಇಳಿಯಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗೋಡೆ ಎದ್ದು ಆಗಲೇ 29 ವರ್ಷ!

ನನ್ನ ಸಿಟ್ಟು ಇರುವುದು ಇಲ್ಲೇ. ಜಲಾನಯನ ನಿರ್ವಹಣೆಗೆ ಒಂದು ಕಚೇರಿ, ಮೀನು, ಹಕ್ಕಿ, ಜೌಗು ನೆಲಕ್ಕೆ ಇನ್ನೊಂದು ಕಚೇರಿ. ಮೊದಲನೆಯವರು ನೀರಿನ ಮಟ್ಟ, ಮೆಗಾವ್ಯಾಟು, ಹೆಕ್ಟೇರು ಎಣಿಸುತ್ತಾರೆ. ಎರಡನೆಯವರಿಗೆ ಎಲ್ಲ ಮುಗಿದ ಮೇಲೆ ಕರೆ ಹೋಗುತ್ತದೆ. ನಾವೇನು ಕಡಿಮೆ? 2007ರ ಕಾವೇರಿ ತೀರ್ಪು ತೆಗೆದು ನೋಡಿ. 740 ಟಿಎಂಸಿಯಲ್ಲಿ ಪರಿಸರಕ್ಕೆ 10, ಸಮುದ್ರಕ್ಕೆ 4. ಆ ನಾಲ್ಕನ್ನು ಕರೆದಿರುವುದು ಅನಿವಾರ್ಯವಾಗಿ ಸಮುದ್ರಕ್ಕೆ ತಪ್ಪಿಹೋಗುವ ನೀರು ಅಂತ. ನದಿ ಸಮುದ್ರ ಸೇರುವುದು ನಮ್ಮ ಲೆಕ್ಕದಲ್ಲಿ ಸೋರಿಕೆ.

ಓಎಂವಿಎಸ್‌ನವರು ಕಲಿಯಲೇ ಇಲ್ಲ ಅಂದರೆ ತಪ್ಪಾಗುತ್ತದೆ. 2002ರಲ್ಲಿ ಅವರು ಮಾಡಿಕೊಂಡ ನೀರಿನ ಸನದಿನಲ್ಲಿ ಯಾವ ದೇಶಕ್ಕೆ ಎಷ್ಟು ಅಂತ ಹಂಚಿಲ್ಲ. ಬೇಸಾಯ, ದನಕರು, ಮೀನುಗಾರಿಕೆ, ಪರಿಸರ, ಹೀಗೆ ಬಳಕೆಗಳ ಮಧ್ಯೆ ಹಂಚುವ ಮಾತಿದೆ. ಮಾರಿಟೇನಿಯಾ ಕಡೆಯ ಮುಖಜಭೂಮಿ ಒಣಗಿ ಉಪ್ಪಿನ ಬಯಲಾಗಿತ್ತು. 1991ರಲ್ಲಿ ಅಲ್ಲಿ ದಿಯಾವ್ಲಿಂಗ್ ರಾಷ್ಟ್ರೀಯ ಉದ್ಯಾನ ಮಾಡಿದರು, 1994ರಿಂದ ತೂಬು ಎತ್ತಿ ಬೇಕೆಂದೇ ನೆರೆ ಹರಿಸಿದರು. ಮೀನು ಬಂತು, ನೀರುಹಕ್ಕಿ ಬಂದವು. ಅಲ್ಲಿನ ಹೆಂಗಸರು ಚಾಪೆ ಹೆಣೆಯುವ ಒಂದು ಒರಟು ಹುಲ್ಲಿದೆ, ಅದು ಮತ್ತೆ ಚಿಗುರಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಚಾಪೆಯ ಸುದ್ದಿ. ಒಂದು ಗೇಟು ಯಾವಾಗ ಎತ್ತಬೇಕು ಅನ್ನುವುದರಲ್ಲಿ ಒಬ್ಬಳ ಚಾಪೆ ಇದೆ.

ಸಿಗಡಿ ಮರಿಗಳು ಒದ್ದೆ ಕಲ್ಲಿನ ಮೇಲೆ ತೆವಳಿಕೊಂಡು ಹತ್ತಬಲ್ಲವು. ಡಯಾಮಾಕ್ಕೆ ಒಂದು ಏಣಿ ಇಡಿ, ನೀರು ಜಿನುಗುವ ಒರಟು ಇಳಿಜಾರು ಸಾಕು, ಅವೇ ಹತ್ತಿ ಬರುತ್ತವೆ ಅನ್ನುವುದು ವಿಜ್ಞಾನಿಗಳ ಸಲಹೆ. ಇತ್ತ ನದಿಯ ಮೇಲ್ಭಾಗದಲ್ಲಿ, ಮಾಲಿಯ ಗುಯಿನಾದಲ್ಲಿ, 2022ರಲ್ಲಿ ಇನ್ನೊಂದು ಜಲವಿದ್ಯುತ್ ಅಣೆಕಟ್ಟು ಉದ್ಘಾಟನೆಯಾಯಿತು. 140 ಮೆಗಾವ್ಯಾಟ್.