ಐದು ನಿಮಿಷದ ಅಂಬೇಡ್ಕರ್

ಏಪ್ರಿಲ್ 14ರ ಜಯಂತಿಗೆ ತಾಲ್ಲೂಕು ಕಚೇರಿಯಲ್ಲಿ ಪೂರ್ವಭಾವಿ ಸಭೆ ಸೇರಿತ್ತು. ಮೊದಲ ಎರಡು ಗಂಟೆಯನ್ನು ಆಹ್ವಾನ ಪತ್ರಿಕೆಯೇ ನುಂಗಿತು. ಘನ ಉಪಸ್ಥಿತಿ ಯಾರದು, ಅಧ್ಯಕ್ಷತೆ ಯಾರದು, ಶಿಷ್ಟಾಚಾರದ ಪ್ರಕಾರ ಯಾರ ಹೆಸರಿನ ಕೆಳಗೆ ಯಾರ ಹೆಸರು ಬರಬೇಕು, ಯಾರದು ದಪ್ಪಕ್ಷರ, ಯಾರದು ಸಣ್ಣಕ್ಷರ. ಶ್ರೇಣೀಕೃತ ಅಸಮಾನತೆ ಎಂದರೇನೆಂದು ಬಾಬಾಸಾಹೇಬರು ಪುಟಗಟ್ಟಲೆ ಬರೆದು ವಿವರಿಸಬೇಕಾಯಿತು. ಈ ಪತ್ರಿಕೆ ಕೈಯಲ್ಲಿದ್ದಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ನಲವತ್ತಮೂರು ಹೆಸರು ಕೂಡಿಸಿ ಮುಗಿದ ಮೇಲೆ, ಜಯಂತಿ ಯಾರದೆಂದು ಬರೆಯಲು ಜಾಗವಿಲ್ಲ ಎಂಬುದನ್ನು ಗುಮಾಸ್ತರೊಬ್ಬರು ಗಮನಿಸಿದರು. ಹೇಗೋ ಮೂಲೆಯಲ್ಲಿ ಸೇರಿಸಿದರು.

ವಿಶೇಷ ಉಪನ್ಯಾಸ ನನ್ನದು. ಭಾಷಣವನ್ನು ಮೊದಲೇ ತೋರಿಸಬೇಕಂತೆ. ಇಪ್ಪತ್ತು ಪುಟ ಬರೆದು ಒಯ್ದಿದ್ದೆ.

‘1927ರ ಮಾರ್ಚ್ 20ರಂದು, ಅಸ್ಪೃಶ್ಯರಿಗೆ ಮುಟ್ಟಗೊಡದಿದ್ದ ಮಹಾಡದ ಚವದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದರು’ ಎಂಬಲ್ಲಿಗೆ ಬಂದಾಗ ಹಿರಿಯ ಅಧಿಕಾರಿಗಳು ಪೆನ್ನು ತೆಗೆದರು. ‘ನೀರಿನ ವಿಷಯ ಬೇಡ ಸರ್. ಎಂಟು ದಿನದಿಂದ ನಲ್ಲಿ ಬಂದಿಲ್ಲ. ಶಾಸಕರ ಎದುರಿಗೆ ಆ ಶಬ್ದವನ್ನೇ ಎತ್ತುವಂತಿಲ್ಲ.’ ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದನ್ನು ಓದುವಷ್ಟರಲ್ಲಿ, ವೇದಿಕೆಗೆ ಸ್ವಾಮೀಜಿಯವರೂ ಬರುತ್ತಾರೆಂದು ಯಾರೋ ನೆನಪಿಸಿದರು. ಅದೂ ಹೋಯಿತು.

ಅರ್ಥಶಾಸ್ತ್ರವಾದರೂ ಉಳಿದೀತು ಎಂದುಕೊಂಡೆ. ರೂಪಾಯಿಯ ಸಮಸ್ಯೆಯ ಮೇಲೆ ಪ್ರೌಢಪ್ರಬಂಧ ಬರೆದು ಲಂಡನ್ನಿನಲ್ಲಿ ಡಿ.ಎಸ್ಸಿ. ಪದವಿ ಪಡೆದವರು ಎಂದು ಓದಿದೆ. ಹಿಂದಿನ ಸಾಲಿನಿಂದ ಶಾಮಿಯಾನದವರು ಎದ್ದು ನಿಂತು, ರೂಪಾಯಿಯ ಸಮಸ್ಯೆ ತಮಗೂ ಇದೆಯೆಂದೂ, ಹೋದ ವರ್ಷದ ಜಯಂತಿಯ ಬಿಲ್ಲು ಇನ್ನೂ ಮಂಜೂರಾಗಿಲ್ಲವೆಂದೂ ಹೇಳಿದರು. ಆ ಪುಟ ಮಡಚಿಟ್ಟೆ.

ಹಿಂದೂ ಸಂಹಿತೆ ಮಸೂದೆ ಮೂಲೆಗೆ ಬಿದ್ದದ್ದನ್ನು ಮುಖ್ಯ ಕಾರಣಗಳಲ್ಲೊಂದಾಗಿ ಹೇಳಿ 1951ರಲ್ಲಿ ಕೇಂದ್ರದ ಕಾನೂನು ಮಂತ್ರಿ ಪದವಿಯನ್ನೇ ಬಿಟ್ಟು ಬಂದರು ಎಂಬ ಭಾಗಕ್ಕೆ ಕತ್ತರಿ ಬಿದ್ದಾಗ ನನಗೂ ಆಶ್ಚರ್ಯವಾಗಲಿಲ್ಲ. ಹೆಂಗಸರ ಆಸ್ತಿ ಹಕ್ಕು, ವಿಚ್ಛೇದನದ ಹಕ್ಕು ಇಟ್ಟುಕೊಂಡು ಕುರ್ಚಿ ಬಿಡುವುದೆಂದರೆ ಮುಖ್ಯ ಅತಿಥಿಗಳಿಗೆ ಅರ್ಥ ಮಾಡಿಸುವುದು ಹೇಗೆ? ಮೊದಲ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು, 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋತರು ಎಂದದ್ದು ಟಿಕೆಟ್ ಆಕಾಂಕ್ಷಿಯೊಬ್ಬರಿಗೆ ಅಪಶಕುನವೆನಿಸಿತು. 1956ರ ಅಕ್ಟೋಬರ್ 14, ನಾಗಪುರ ಎಂದೆ ಅಷ್ಟೇ. ‘ಬೌದ್ಧ’ ಎನ್ನುವ ಮೊದಲೇ ಮೂವರು ಒಟ್ಟಿಗೆ ಕೆಮ್ಮಿದರು.

ಕೊನೆಯ ಆಸೆಯಾಗಿ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕೊಟ್ಟ ಎಚ್ಚರಿಕೆಯನ್ನು ಮುಂದಿಟ್ಟೆ: ಧರ್ಮದಲ್ಲಿ ಭಕ್ತಿಯಿಂದ ಮುಕ್ತಿ ಸಿಕ್ಕೀತು, ರಾಜಕೀಯದಲ್ಲಿ ಭಕ್ತಿಯಿಂದ ಅಧಃಪತನ, ಕೊನೆಗೆ ಸರ್ವಾಧಿಕಾರ. ‘ಚೆನ್ನಾಗಿದೆ ಸರ್, ಆದರೆ ಸಮಯವಿಲ್ಲ’ ಎಂದರು. ಆ ಹೊತ್ತಿಗೆ ಶಾಸಕರ ಮೇಲೆ ರಚಿಸಿದ ಸ್ವಾಗತ ಗೀತೆ ಇತ್ತು. ನಾಲ್ಕು ಚರಣ.

ಉಳಿದದ್ದು ಅರ್ಧ ಪುಟ: ಹುಟ್ಟಿದರು, ಕಷ್ಟಪಟ್ಟು ಓದಿದರು, ಸಂವಿಧಾನ ಬರೆದರು, ನಾವೆಲ್ಲ ಅವರ ಹಾದಿಯಲ್ಲಿ ನಡೆಯೋಣ. ತೀರಾ ಬೋಳಾಯಿತೆಂದು ‘ಬೀದಿ ದೀಪದ ಕೆಳಗೆ ಓದಿದರು’ ಎಂಬುದನ್ನು ಅವರೇ ಸೇರಿಸಿದರು. ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದರು ಎಂದೆ. ಶಾಲೆಯಲ್ಲಿ ಹುಡುಗ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು, ಜವಾನ ಮೇಲಿನಿಂದ ಸುರಿಯದಿದ್ದರೆ ಬಾಯಾರಿಕೆಯಲ್ಲೇ ಇರಬೇಕಿತ್ತು, ಅದನ್ನು ಹೇಳೋಣ ಎಂದೆ. ‘ಮತ್ತೆ ನೀರಿಗೇ ಬಂದಿರಲ್ಲ’ ಎಂದು ಬೇಸರಪಟ್ಟರು.

ಜಯಂತಿಯ ದಿನ ನನ್ನ ಸರದಿ ಬರುವಾಗ ಎರಡೂವರೆ ಗಂಟೆ. ಶಾಸಕರು ಹಾರ ಹಾಕಿ, ಫೋಟೊ ತೆಗೆಸಿಕೊಂಡು ಹೊರಟಿದ್ದರು. ಸಭಿಕರು ಊಟದ ಸಾಲಿನಲ್ಲಿದ್ದರು. ಅರ್ಧ ಪುಟವನ್ನು ಖಾಲಿ ಕುರ್ಚಿಗಳಿಗೆ ಓದಿ ಇಳಿದೆ.

ಗುಮಾಸ್ತರು ಓಡಿಬಂದು ಕೈಕುಲುಕಿದರು. ‘ಆ ಹಾಳೆ ಕೊಟ್ಟು ಹೋಗಿ ಸರ್. ಬಸವ ಜಯಂತಿಗೂ ಆಗುತ್ತದೆ. ಹೆಸರು ಬದಲಾಯಿಸಿ, ಸಂವಿಧಾನದ ಜಾಗದಲ್ಲಿ ವಚನ ಎಂದು ಹಾಕುತ್ತೇನೆ.’ ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು: ‘ಬೀದಿ ದೀಪ ಮಾತ್ರ ತೆಗೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಕರೆಂಟ್ ಇರಲಿಲ್ಲವಲ್ಲ.’