ಐವತ್ತು ಚಕ್ರ, ಹನ್ನೆರಡು ಜನ

ಬಿಡದಿಯ ತಟ್ಟೆ ಇಡ್ಲಿ ಮುಂದಿರುವಾಗ ಯಾರೂ ಯಾವುದಕ್ಕೂ ಬೇಡ ಅನ್ನುವುದಿಲ್ಲ. ಭಾನುವಾರ ಬೆಳಗ್ಗೆ ಏಳು ಗಂಟೆ, ರಸ್ತೆ ಪಕ್ಕ ಸಾಲಾಗಿ ನಿಂತ ಕಾರುಗಳು, ಇಡ್ಲಿ ಮೇಲೆ ಕರಗುತ್ತಿರುವ ಬೆಣ್ಣೆ. ಅಷ್ಟರಲ್ಲಿ ಯಾರೋ ಒಬ್ಬ "ಎಲ್ಲಾ ಸೇರಿ ಒಟ್ಟಿಗೆ ಆರ್ಡರ್ ಹಾಕಿದ್ರೆ ಅಲಾಯ್ ವೀಲ್ ಅರ್ಧ ರೇಟಿಗೆ ಬರುತ್ತೆ ಗುರು" ಅಂದರೆ ಸಾಕು, 31 ಕೈ ಮೇಲೇಳುತ್ತವೆ. ಆ 31ರಲ್ಲಿ ಅಡ್ವಾನ್ಸ್ ಕೊಡುವವರು 12. ಉಳಿದವರಲ್ಲಿ ಕೆಲವರಿಗೆ ಮನೆಯಲ್ಲಿ ಕೇಳಬೇಕು, ಕೆಲವರಿಗೆ ಇನ್ಕ್ರಿಮೆಂಟ್ ಬರಬೇಕು, ಮೂವರಿಗೆ ಕಾರೇ ಇಲ್ಲ. ಅವರು ಇಡ್ಲಿಗೆಂದು ಬಂದವರು.

ಆ ಅರ್ಧ ರೇಟಿನ ಭ್ರಮೆಯನ್ನು ಮೊದಲ ದಿನವೇ ಇಳಿಸಿಬಿಡುವುದು ಒಳ್ಳೆಯದು. ಅಲಾಯ್ ಎಂದರೆ ಅಲ್ಯೂಮಿನಿಯಮ್ ಮಿಶ್ರಲೋಹದ ಚಕ್ರ, ಎರಕದ್ದಾದರೆ ಅದಕ್ಕೆ ಅಚ್ಚು ಬೇಕು. ಹೊಸ ಅಚ್ಚು ಮಾಡಿಸುವ ಖರ್ಚನ್ನು ಹನ್ನೆರಡು ಜನ ಹಂಚಿಕೊಂಡರೆ ಆ ದುಡ್ಡಿಗೆ ಚಕ್ರದ ಮೇಲೆ ಒಂದು ಕಾರೂ ಬಂದೀತು. ಆದ್ದರಿಂದ ಡಿಸೈನು ಕಾರ್ಖಾನೆಯವರ ಬಳಿ ಇರುವ ಅಚ್ಚಿನದ್ದೇ. ನಮ್ಮ ಇಷ್ಟಕ್ಕೆ ಸಿಗುವುದು ಎರಕವಾದ ಮೇಲಿನ ಕೆಲಸ: ಬೋಲ್ಟಿನ ತೂತು ಎಲ್ಲಿ ಕೊರೆಯಬೇಕು, ಹಬ್‌ಗೆ (ಚಕ್ರ ಸಿಕ್ಕಿಸುವ ಕಾರಿನ ಗುಂಬಕ್ಕೆ) ಕೂರುವ ಮುಖವನ್ನು ಎಷ್ಟು ಕೆತ್ತಬೇಕು, ನಡುವಿನ ರಂಧ್ರ ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದು. ಒಬ್ಬ ಹೋಗಿ ಕೇಳಿದರೆ ಈ ನಾಲ್ಕಕ್ಕೂ "ಇರೋದು ಇದೇ ಸರ್" ಎಂಬ ಉತ್ತರ. ಹನ್ನೆರಡು ಜನ ಕೇಳಿದರೆ ಕುರ್ಚಿ, ಕಾಫಿ. ಗುಂಪಿನ ಲಾಭ ಇದು. ಫೋರ್ಜ್ಡ್ (ಎರಕವಲ್ಲ, ಲೋಹವನ್ನು ಒತ್ತಿ ಗಟ್ಟಿಮಾಡಿದ) ಚಕ್ರವಾದರೆ 6061 ದರ್ಜೆಯ ಅಲ್ಯೂಮಿನಿಯಮ್ ಗಟ್ಟಿಯಿಂದ ಒಂದೊಂದನ್ನೇ ಕೆತ್ತಿ ತೆಗೆಯುತ್ತಾರೆ, ಅಚ್ಚಿನ ಹಂಗಿಲ್ಲ, ಯಾವ ಡಿಸೈನೂ ಆದೀತು. ಆದರೆ ಅದರ ರೇಟು ಕೇಳಿದ ಮೇಲೆ ಗುಂಪೇ ಉಳಿಯುವುದಿಲ್ಲ.

ಹಣ ಕೊಟ್ಟ ಹನ್ನೆರಡು ಜನರಿಂದ ಕಾರಿನ ಅಳತೆ ತರಿಸಿಕೊಳ್ಳುವಲ್ಲಿಗೆ ನಿಜವಾದ ಹಬ್ಬ ಶುರು. "ನಿಮ್ಮ ಪಿಸಿಡಿ ಎಷ್ಟು?" ಎಂದು ಕೇಳಿದರೆ "ಬ್ಲ್ಯಾಕ್" ಎಂದು ಉತ್ತರ ಬಂದದ್ದುಂಟು. ಪಿಸಿಡಿ ಎಂದರೆ ಬೋಲ್ಟುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ. 4×100 ಎಂದರೆ ನಾಲ್ಕು ಬೋಲ್ಟು, 100 ಮಿ.ಮೀ. ವ್ಯಾಸ. ಸ್ವಿಫ್ಟ್, ಹಳೆಯ ಐ20, ಹಳೆಯ ಹೋಂಡಾ ಸಿಟಿ, ಮೂರೂ 4×100. ಪೋಲೋ 5×100. ಆಕ್ಟೇವಿಯಾ 5×112. ಫಿಗೋ 4×108. ಪುಂಟೋ 4×98. ಮೊದಮೊದಲ ಕ್ವಿಡ್‌ಗೆ ಮೂರೇ ನಟ್ಟು. ಅದರ ಮಾಲೀಕರನ್ನು ಪ್ರೀತಿಯಿಂದ ಮಾತಾಡಿಸಿ, ಇನ್ನೊಂದು ಪ್ಲೇಟ್ ಇಡ್ಲಿ ಕೊಡಿಸಿ ಕಳಿಸಬೇಕು.

ನಾಲ್ಕು ನಟ್ಟಿದ್ದರೆ ಅಳೆಯುವುದು ಸುಲಭ, ಎದುರುಬದುರಿನ ಎರಡರ ನಡುವಿನ ದೂರವೇ ಪಿಸಿಡಿ. ಐದಿದ್ದರೆ ಯಾವುದಕ್ಕೂ ನೇರ ಎದುರು ಇನ್ನೊಂದಿಲ್ಲ. ಅಕ್ಕಪಕ್ಕದ ಎರಡರ ನಡುಬಿಂದುಗಳ ದೂರವನ್ನು 1.701ರಿಂದ ಗುಣಿಸಬೇಕು. 5×112 ಆದರೆ ಆ ದೂರ 65.8 ಮಿ.ಮೀ., 5×114.3 ಆದರೆ 67.2. ವ್ಯತ್ಯಾಸ ಒಂದೂವರೆ ಮಿಲಿಮೀಟರೂ ಇಲ್ಲ. ಅಮ್ಮನ ಹೊಲಿಗೆ ಪೆಟ್ಟಿಗೆಯ ಟೇಪು ಹಿಡಿದು ಅಳೆದವರ ಲೆಕ್ಕ ರವಿಕೆಗೆ ಆದೀತು, ರಿಮ್‌ಗೆ ಆಗದು. ಗುಂಪಿಗೆ ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಎಲ್ಲ ಕಾರನ್ನೂ ಒಬ್ಬನೇ ಅಳೆಯುವುದು ಕ್ಷೇಮ.

ಗುಂಪಿನ ಚಕ್ರ 4×100 ಎಂದು ನಿಂತ ಮೇಲೂ 4×98ರ ಕಾರಿನವನು ಮಾತ್ರ ಕೊನೆಯವರೆಗೂ ಬಿಡುವುದಿಲ್ಲ. "ಎರಡೇ ಎಂಎಂ ಅಲ್ವಾ ಬಾಸ್, ಅಡ್ಜಸ್ಟ್ ಮಾಡಿ." ಬಿಎಂಟಿಸಿ ಸೀಟಿನಲ್ಲಿ ನಡೆಯುವ ಅಡ್ಜಸ್ಟ್ ಇಲ್ಲಿ ನಡೆಯುವುದಿಲ್ಲ. ಪ್ರತಿ ಬೋಲ್ಟೂ ಒಂದು ಮಿಲಿಮೀಟರ್ ಓರೆಯಾಗಿ ಕೂರುತ್ತದೆ, ಬಿಗಿಯಾದ ಹಾಗೆ ಕಾಣುತ್ತದೆ, ಆಮೇಲೆ ಓಡುತ್ತ ಓಡುತ್ತ ಸಡಿಲವಾಗುತ್ತದೆ.

ಪಿಸಿಡಿ ಒಂದೇ ಆದ ಮೇಲೆ ಎಲ್ಲ ಒಂದೇ ಎಂದುಕೊಳ್ಳುವವರಿಗೆ ಕಾದಿರುವುದು ನಡುರಂಧ್ರ, ಅಂದರೆ ಸೆಂಟರ್ ಬೋರ್. ಸ್ವಿಫ್ಟ್ ಮತ್ತು ಐ20ಯ ಹಬ್ 54.1 ಮಿ.ಮೀ., ಸಿಟಿಯದ್ದು 56.1. ಮೂರು ಬಗೆಯ ಕಾರಿಗೂ ಒಂದೇ ಚಕ್ರ ಬೇಕಾದರೆ ದೊಡ್ಡದಕ್ಕೆ ಕೊರೆಸಿ, ಚಿಕ್ಕ ಹಬ್ಬಿನವರಿಗೆ ಸಂದು ತುಂಬುವ ರಿಂಗ್ ಹಾಕಬೇಕು. ಲೆಕ್ಕಾಚಾರಸ್ಥ ಒಬ್ಬ "ಹಾಗಾದ್ರೆ 56.1ಕ್ಕೇ ಕೊರೆಸೋಣ, ರಿಂಗಿನ ಖರ್ಚು ಅರ್ಧ ಉಳೀತು" ಅನ್ನುತ್ತಾನೆ. 56.1ರಿಂದ 54.1ಕ್ಕೆ ಇಳಿಸುವ ರಿಂಗಿನ ಗೋಡೆ ಒಂದೇ ಮಿಲಿಮೀಟರ್ ದಪ್ಪ. ಹಪ್ಪಳ! ಮೊದಲ ಸಲ ಚಕ್ರ ಬಿಚ್ಚುವಾಗಲೇ ಮುರಿಯುತ್ತದೆ. ಬೋರನ್ನು 67.1ಕ್ಕೋ 73.1ಕ್ಕೋ ದೊಡ್ಡದು ಮಾಡಿಸಿ ಎಲ್ಲರಿಗೂ ದಪ್ಪ ರಿಂಗ್ ಕೊಡುವುದೇ ಸರಿ. ಹನ್ನೆರಡು ಸೆಟ್ಟಿಗೆ 48 ರಿಂಗು, ಕಳೆದುಹೋಗುವ ಲೆಕ್ಕಕ್ಕೆ ಇನ್ನು 8. ರಿಂಗ್ ಹಾಕದೆ ಓಡಿಸಿದರೆ ಊರೊಳಗೆ ಏನೂ ಗೊತ್ತಾಗುವುದಿಲ್ಲ. ಹೈವೇಯಲ್ಲಿ 80 ದಾಟಿದಾಗ ಸ್ಟೀರಿಂಗಿಗೆ ಚಳಿಜ್ವರ ಹಿಡಿಯುತ್ತದೆ. ಮಾಲೀಕರು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ಟೈರ್ ಕಂಪನಿಯನ್ನು ಬಯ್ಯುತ್ತಾರೆ, ಸರ್ಕಾರವನ್ನೂ ಬಯ್ಯುತ್ತಾರೆ. ರಿಂಗು ಮಾತ್ರ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ತಣ್ಣಗೆ ಮಲಗಿರುತ್ತದೆ. "ಇದು ಪ್ಯಾಕಿಂಗ್ ಜೊತೆ ಬಂದ ಪ್ಲಾಸ್ಟಿಕ್ ಅಂದ್ಕೊಂಡೆ ಸರ್."

ನಟ್ಟಿನ ವಿಷಯಕ್ಕೆ ನಗುವುದು ಕಷ್ಟ. ಹಬ್‌ನಿಂದ ಹೊರಚಾಚಿದ, ನಟ್ಟು ಹಾಕುವ ಬೋಲ್ಟಿಗೆ ಸ್ಟಡ್ಡು ಎನ್ನುತ್ತಾರೆ. ಸ್ವಿಫ್ಟಿನ ಸ್ಟಡ್ಡಿನ ತಿರುಪು ಮರೆ ಎಂ12×1.25 (12 ಮಿ.ಮೀ. ದಪ್ಪ, ಮರೆಯಿಂದ ಮರೆಗೆ 1.25 ಮಿ.ಮೀ.), ಐ20 ಮತ್ತು ಸಿಟಿಯದ್ದು ಎಂ12×1.5. ಎರಡೂ ನಟ್ಟು ಅಂಗೈಯಲ್ಲಿಟ್ಟರೆ ಅವಳಿಜವಳಿ. 1.5ರ ನಟ್ಟು 1.25ರ ಸ್ಟಡ್ಡಿಗೆ ಒಂದೂವರೆ ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಅಲ್ಲಿ ಅಂಗಡಿಯ ಹುಡುಗ ಏರ್ ಗನ್ ಹಿಡಿದು ಗರ್ರ್ ಎನ್ನಿಸಿದನೆಂದರೆ ಸ್ಟಡ್ಡಿನ ಆಯುಷ್ಯ ಮುಗಿಯಿತು. ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ಹೋಗಬೇಕು, ಹೋಗದಿದ್ದರೆ ನಟ್ಟು ತಪ್ಪು. ಜೊತೆಗೆ ನಟ್ಟಿನ ತಳದ ಆಕಾರ. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿಯ ಶಂಕುವಿನಾಕಾರ. ಹೋಂಡಾದ ಕಂಪನಿ ನಟ್ಟಿನದ್ದು ಗುಂಡು ತಳ. ಗುಂಡು ತಳದ್ದನ್ನು ಶಂಕುವಿನ ಗುಂಡಿಯಲ್ಲಿ ಕೂರಿಸಿದರೆ ಅದು ತುದಿಯಲ್ಲಷ್ಟೇ ತಾಗಿಕೊಂಡು, ಮದುವೆಮನೆಯಲ್ಲಿ ಜಾಗ ಸಿಗದ ನೆಂಟರಂತೆ ಕುರ್ಚಿಯ ಅಂಚಿನಲ್ಲಿ ಕೂತಿರುತ್ತದೆ. ಹಳೇ ನಟ್ಟುಗಳನ್ನು ಗುಜರಿಗೆ ಹಾಕಬಾರದು, ಡಿಕ್ಕಿಯಲ್ಲಿರಲಿ. ಸ್ಟೆಪ್ನಿ ಇನ್ನೂ ಕಂಪನಿಯದ್ದೇ, ಅದಕ್ಕೆ ಬೇಕಾಗುತ್ತವೆ. ಇದು ನೆನಪಾಗುವುದು ರಾತ್ರಿ ಹನ್ನೊಂದಕ್ಕೆ, ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ.

ಆಫ್‌ಸೆಟ್, ಅಂದರೆ ಇಟಿ. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಲೆಕ್ಕ. ಇಟಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಇದರ ಮೇಲೆ ಗುಂಪು ಎರಡಾಗಿ ಒಡೆಯುವುದು ನಿಶ್ಚಿತ: ಚಕ್ರ ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ನಿಲ್ಲಬೇಕು ಎನ್ನುವ ಶೋಕಿವಾಲರು, ಅತ್ತೆ ಮಾವನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಬೇಕಾದ ಸಂಸಾರಸ್ಥರು. ಕಂಪನಿ ಚಕ್ರ 6ಜೆ (ಅಂದರೆ 6 ಇಂಚು ಅಗಲ), ಇಟಿ 50 ಇದೆ ಎಂದಿಟ್ಟುಕೊಳ್ಳಿ. 7ಜೆ, ಇಟಿ 40 ಹಾಕಿದರೆ ಹೊರಅಂಚು 22.7 ಮಿ.ಮೀ. ಹೊರಕ್ಕೆ ಬರುತ್ತದೆ, ಒಳಅಂಚು 2.7 ಮಿ.ಮೀ. ಒಳಕ್ಕೆ ಹೋಗುತ್ತದೆ. "ಹತ್ತೇ ಎಂಎಂ ವ್ಯತ್ಯಾಸ" ಎಂದು ವಾದಿಸುವವರು ಅಗಲ ಒಂದಿಂಚು ಹೆಚ್ಚಾದದ್ದನ್ನು ಮರೆತಿರುತ್ತಾರೆ. ಎರಡೂ ಬಣಕ್ಕೆ ಕಾಗದದ ಮೇಲೆ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಮಾದರಿಗೆಂದು ಒಂದೇ ಸೆಟ್ ತರಿಸಿ ಮೂರು ಬಗೆಯ ಕಾರಿಗೂ ಹಾಕಿ ನೋಡಬೇಕು. ಬ್ರೇಕ್ ಕ್ಯಾಲಿಪರ್ (ಚಕ್ರದೊಳಗಿನ ಬ್ರೇಕಿನ ಹಿಡಿ) ಮೇಲೆ ಮಕ್ಕಳು ಆಡುವ ಜೇಡಿ ಮೆತ್ತಿ, ಚಕ್ರ ಹಾಕಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಜೇಡಿ 3 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಆ ಅಳತೆ ಬೇಡ. ಆಮೇಲೆ ಹಿಂದಿನ ಸೀಟಿನಲ್ಲಿ ಮೂವರು ದಷ್ಟಪುಷ್ಟರನ್ನು, ಡಿಕ್ಕಿಯಲ್ಲಿ ಎರಡು ನೀರಿನ ಕ್ಯಾನನ್ನು ಇಟ್ಟು, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಂಪ್ ಹತ್ತಿಸಿ. ಕರ್ರ್ ಎಂದು ಕೇಳಿದರೆ ಶೋಕಿ ಬಣ ಸೋತಿತು. ಟೈರು ಮಡ್‌ಗಾರ್ಡಿನಿಂದ ಆಚೆ ಇಣುಕಿದರಂತೂ ಟ್ರಾಫಿಕ್ ಪೊಲೀಸರೇ ತೀರ್ಪು ಕೊಡುತ್ತಾರೆ, ರಸೀದಿ ಸಮೇತ.

ಟೈರಿನ ವಿಷಯ ಬೇಗ ಮುಗಿಯುತ್ತದೆ. 185/65 ಆರ್15ರ (185 ಮಿ.ಮೀ. ಅಗಲ, ಪಕ್ಕೆಗೋಡೆ ಅದರ 65 ಪರ್ಸೆಂಟ್, ರಿಮ್ 15 ಇಂಚು) ಒಟ್ಟು ವ್ಯಾಸ 621.5 ಮಿ.ಮೀ., 195/55 ಆರ್16ರದ್ದು 620.9. ಸ್ಪೀಡೋಮೀಟರಿಗೂ ಗೊತ್ತಾಗುವುದಿಲ್ಲ. 205/45 ಆರ್17 ಕೂಡ 616ರ ಆಸುಪಾಸೇ. ಆದರೆ ಅದರ ಪಕ್ಕೆಗೋಡೆ 92 ಮಿ.ಮೀ., ಮೊದಲಿದ್ದದ್ದು 120. ಆ 28 ಮಿಲಿಮೀಟರ್ ರಬ್ಬರೇ ಬೆಂಗಳೂರಿನ ಗುಂಡಿಗೂ ನಿಮ್ಮ ರಿಮ್ಮಿಗೂ ನಡುವೆ ಇದ್ದ ಮಧ್ಯಸ್ಥಗಾರ.

ಅಳತೆ ಒಪ್ಪಂದವಾಯಿತು, ಬಣ್ಣ? ಹನ್ನೆರಡು ಜನ ಒಕ್ಕೊರಲಿನಿಂದ ಗನ್‌ಮೆಟಲ್ ಅನ್ನುತ್ತಾರೆ, ಹನ್ನೆರಡು ತಲೆಯಲ್ಲಿ ಹನ್ನೆರಡು ಗನ್ನು. ಒಬ್ಬನದ್ದು ಹೊಸ ಪಾತ್ರೆಯ ತಳ, ಇನ್ನೊಬ್ಬನದ್ದು ಹಂಡೆಯ ತಳ. ಫೋನಿನ ಪರದೆಯಲ್ಲಿ ಬಣ್ಣ ತೋರಿಸಿ ಒಪ್ಪಿಗೆ ಪಡೆಯುವ ಕೆಲಸ ಮಾಡಲೇಬಾರದು. ಆರ್‌ಎಎಲ್ (ಬಣ್ಣಗಳಿಗೆ ಸಂಖ್ಯೆ ಕೊಟ್ಟ ಪಟ್ಟಿ) ಸಂಖ್ಯೆ ಹಾಕಿಸಿ: 7016 ಎಂದರೆ ಗಾಢ ಬೂದು, 9005 ಎಂದರೆ ಅಚ್ಚ ಕಪ್ಪು. ಹೊಳಪು ಮ್ಯಾಟೋ ಗ್ಲಾಸಿಯೋ ಎಂಬುದನ್ನೂ ಬರೆಸಿ. ಬಣ್ಣ ಹಚ್ಚಿದ ಅಂಗೈಯಗಲದ ತಗಡು ತರಿಸಿ ಬಿಸಿಲಲ್ಲಿ ಹಿಡಿದು ನೋಡಿ. ಬ್ರಾಂಜ್ ಕೇಳುವ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನ ಕಾರು ಕೆಂಪೇ ಆಗಿರುತ್ತದೆ.

ದುಡ್ಡಿನ ಮಾತು. ಸೆಟ್ಟಿಗೆ 32,000 ರೂ. ಎಂದು ಕೊಟೇಶನ್ ಬಂದರೆ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಎಂದಿರುತ್ತದೆ. 18 ಪರ್ಸೆಂಟ್ ಸೇರಿದರೆ 37,760. 2025ರ ಸೆಪ್ಟೆಂಬರ್ 22ಕ್ಕೆ ಮೊದಲು 28 ಇತ್ತು ಎಂದು ಹೇಳಿ ಸಮಾಧಾನಪಡಿಸಬಹುದು, ಯಾರೂ ಆಗುವುದಿಲ್ಲ. ಹನ್ನೆರಡು ಜನರದ್ದು ಕೂಡಿದರೆ 4,53,120. ಇಷ್ಟು ಮೊತ್ತ ಸಂಘಟಕನ ಉಳಿತಾಯ ಖಾತೆಗೆ ಬಂದು ಹೋದರೆ ಮುಂದೆ ಆದಾಯ ತೆರಿಗೆಯವರಿಗೆ ತಟ್ಟೆ ಇಡ್ಲಿಯಿಂದ ಕಥೆ ಹೇಳಬೇಕಾದೀತು. ಪ್ರತಿಯೊಬ್ಬನೂ ಮಾರಾಟಗಾರನಿಗೇ ನೇರ ಕಟ್ಟಿ ತನ್ನ ಹೆಸರಿನಲ್ಲೇ ಬಿಲ್ ಮಾಡಿಸಿಕೊಳ್ಳಲಿ. ಗ್ಯಾರಂಟಿಗೂ ಅದು ಬೇಕು, ವಿಮೆಗೂ. ಅಲಾಯ್ ಹಾಕಿದ್ದನ್ನು ಪಾಲಿಸಿಯಲ್ಲಿ ಸೇರಿಸದಿದ್ದರೆ ನಾಳೆ ಪೆಟ್ಟಾದಾಗ ಕೈಗೆ ಬರುವುದು ಸಂತಾಪ ಮಾತ್ರ. ನಡುವೆ ಕೈಬಿಡುವವರಿಗೆ ಒಂದೇ ನಿಯಮ: ಹೋಗುವವನೇ ಬದಲಿ ಆಳನ್ನು ತರಬೇಕು, ಅದೂ ಅದೇ ಪಿಸಿಡಿಯವನನ್ನು. ಚೀಟಿ ಎತ್ತಿದ ಮೇಲೆ ಊರು ಬಿಡುವವರನ್ನು ನೋಡಿದ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಚಕ್ರ ಬಂದಿಳಿದ ದಿನ ಎಲ್ಲರಿಗೂ ಅವಸರ. ಮುಹೂರ್ತ ಮೀರುತ್ತಿದೆ ಎಂಬಂತೆ ನೇರ ಟೈರ್ ಅಂಗಡಿಗೆ ಓಡುತ್ತಾರೆ. ಅಲ್ಲೇ ತಪ್ಪುವುದು. ಟೈರ್ ಕೂರಿಸಿದ ರಿಮ್ಮನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಹಿಂಬದಿಯಲ್ಲಿ ಒತ್ತಿದ ಅಕ್ಷರ ಓದಬೇಕು: ಅಗಲ, ಇಟಿ, ಪಿಸಿಡಿ, ಹೊರುವ ಭಾರ, ಐಎಸ್‌ಐ ಗುರುತು. ಒಂದು ಚಕ್ರ ಹೊರುವ ಭಾರ ನಿಮ್ಮ ಕಾರಿನ ಹೆಚ್ಚು ಭಾರದ ಆಕ್ಸಲ್ ಲೋಡಿನ (ಮುಂದಿನ ಇಲ್ಲವೇ ಹಿಂದಿನ ಎರಡು ಚಕ್ರ ಹೊರುವ ಭಾರದ) ಅರ್ಧಕ್ಕಿಂತ ಕಡಿಮೆಯಿರಬಾರದು. ಆಮೇಲೆ ಬರಿ ರಿಮ್ಮನ್ನೇ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ, ಅಂಚು ಓಲಾಡುತ್ತದೆಯೇ ನೋಡಿ. ಓಲಾಡುವುದನ್ನು ಪಕ್ಕಕ್ಕಿಟ್ಟು ವಿಡಿಯೋ ಮಾಡಿ. ನಾಲ್ಕರಲ್ಲಿ ಮೂರು ಇಟಿ 40, ಒಂದು ಇಟಿ 35 ಬರುವುದೂ ಉಂಟು. ಅದನ್ನು ನೋಡದೆ ಹಾಕಿಕೊಂಡವರ ಕಾರು ಒಂದು ಭುಜ ಮುಂದೆ ಹಾಕಿ ನಡೆಯುವ ಪೈಲ್ವಾನನಂತೆ ಕಾಣುತ್ತದೆ.

ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಕ್ಯಾಲಿಪರಿಗೆ ತಾಗದಂತೆ ಹಿಂದಕ್ಕಿರಲಿ. ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಯಬೇಕು. ಇಂಥ ಕಾರುಗಳಿಗೆ ಬೇಕಾದದ್ದು ಸುಮಾರು 85ರಿಂದ 110 ನ್ಯೂಟನ್ ಮೀಟರ್, ಸರಿಯಾದ ಅಂಕಿ ಕಾರಿನ ಕೈಪಿಡಿಯಲ್ಲಿದೆ. ಸ್ಪಾನರ್ ಮೇಲೆ ಎರಡೂ ಕಾಲಿಟ್ಟು ಕುಣಿಯುವುದು ಯಾವ ಕೈಪಿಡಿಯಲ್ಲೂ ಇಲ್ಲ. 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಿಡಿಯಿರಿ, ಹೊಸ ಅಲಾಯ್ ಕೂತುಕೊಳ್ಳುವಾಗ ನಟ್ಟು ಸ್ವಲ್ಪ ಸಡಿಲವಾಗುವುದು ಸಹಜ. ಕಳ್ಳರ ಭಯಕ್ಕೆ ಲಾಕ್ ನಟ್ಟು ಹಾಕಿಸಿಕೊಂಡವರು ಅದರ ಕೀಲಿಯನ್ನು ಬಹಳ ಭದ್ರವಾಗಿ, ಅಂದರೆ ಮನೆಯ ಬೀರುವಿನಲ್ಲಿ ಇಡುತ್ತಾರೆ. ಪಂಕ್ಚರ್ ಆಗುವುದು ಮಾತ್ರ ಹಾಸನದಲ್ಲಿ.

ಇನ್ನೊಂದು ಮಾತು ಬಾಕಿಯಿದೆ. ಹನ್ನೆರಡು ಸೆಟ್ಟಿಗೆ 48 ಚಕ್ರ ಸಾಲದು, 50 ಹಾಕಿಸಬೇಕು. ಮುಂದೆ ಒಂದು ರಿಮ್ ಬಿರುಕುಬಿಟ್ಟರೆ ಅದೇ ಅಚ್ಚು, ಅದೇ ಕೊರೆತ, ಅದೇ ಬಣ್ಣದ್ದು ಒಂದೇ ಒಂದು ಬೇಕೆಂದರೆ ಕಾರ್ಖಾನೆ ಕೊಡುವುದಿಲ್ಲ. ಹೆಚ್ಚುವರಿ ಎರಡರ ದುಡ್ಡನ್ನು ಹನ್ನೆರಡು ಜನರಿಗೆ ಹಂಚಬೇಕು. ಹಂಚಲು ಹೋದಾಗ ಏಳುವ ಗಲಾಟೆಗೆ ಕಿವಿ ಮುಚ್ಚಿಕೊಳ್ಳಬೇಕು. ಆ ಎರಡೂ ಸಂಘಟಕನ ಮನೆಯ ಬಾಲ್ಕನಿ ಸೇರುತ್ತವೆ. ತಿಂಗಳೊಪ್ಪತ್ತಿನಲ್ಲಿ ಅವನ ಅಮ್ಮ ಒಂದರ ಮೇಲೆ ತುಳಸಿ ಕುಂಡ, ಇನ್ನೊಂದರ ಮೇಲೆ ದಾಸವಾಳದ ಕುಂಡ ಕೂರಿಸಿರುತ್ತಾರೆ. ನಡುರಂಧ್ರದಲ್ಲಿ ನೀರು ಚೆನ್ನಾಗಿ ಇಳಿದುಹೋಗುತ್ತದೆ ಎಂದು ಪಕ್ಕದ ಮನೆಯವರಿಗೂ ಶಿಫಾರಸು ಮಾಡುತ್ತಾರೆ.

ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಫೋನು: "ಗುಂಡಿಗೆ ಬಿತ್ತು ಮಗಾ, ರಿಮ್ ಸೀಳಿಹೋಗಿದೆ, ಆ ಎಕ್ಸ್‌ಟ್ರಾ ಇದೆಯಲ್ಲ, ಈಗಲೇ ಬರ್ಲಾ?" ದಾಸವಾಳದ ಕುಂಡ ಇಳಿಸಿ, ಕೆಸರು ತೊಳೆದು, ಒರೆಸಿ, ಲಿಫ್ಟಿನಲ್ಲಿ ಕೆಳಗೆ ತಂದು ನೋಡಿದರೆ ಆಸಾಮಿ ಹೊಸ ಕಾರಿನಲ್ಲಿ ಬಂದಿರುತ್ತಾನೆ. ಅದಕ್ಕೆ ಐದು ಬೋಲ್ಟು.