ಪೈಪು ಕಟ್ಟಿಸುವ ಗೊಬ್ಬರ

ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ ಮಾಡುವವರ ಮುಂದೆ ಸ್ಟ್ರುವೈಟ್ ಅಂತ ಹೇಳಿ ನೋಡಿ, ಮುಖ ಸಿಂಡರಿಸುತ್ತಾರೆ. ಪೈಪು, ಪಂಪುಗಳ ಒಳಗೆ ಕಲ್ಲಿನ ಹಾಗೆ ಕಟ್ಟಿಕೊಳ್ಳುವ ಬಿಳಿ ಹರಳು ಅದು. ಬಡಿದು ಬಿಡಿಸಬೇಕು, ಇಲ್ಲಾಂದ್ರೆ ಆಸಿಡ್ ಹಾಕಿ ಕರಗಿಸಬೇಕು. ಕಿಡ್ನಿಯಲ್ಲಿ ಆಗುವ ಒಂದು ಬಗೆಯ ಕಲ್ಲೂ ಇದೇ.

ಗೊಬ್ಬರಕ್ಕೆ ಬೇಕಾದ ರಂಜಕ, ಅಂದರೆ ಫಾಸ್ಫರಸ್, ಇದರಲ್ಲಿದೆ ಅಂತ ಇದೇ ಹರಳನ್ನು ಈಗ ಕೆಲವರು ಚರಂಡಿಯ ಚಿನ್ನ ಅಂತ ಹೊಗಳುತ್ತಾರೆ. ಸ್ವಲ್ಪ ತಡೀರಿ ಅನ್ನಿಸುತ್ತದೆ ನನಗೆ.

ಕೊಳಚೆ ನೀರಿನಿಂದ ರಂಜಕ ತೆಗೆಯಲೇಬೇಕು. ಅದರಲ್ಲಿ ಅನುಮಾನ ಇಲ್ಲ. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂದು ಕೆರೆಯ ನಡುವೆ ಪರದೆ ಕಟ್ಟಿದರು. ಒಂದು ಕಡೆ ಇಂಗಾಲ, ಸಾರಜನಕ ಮಾತ್ರ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಪಾಚಿ ತುಂಬಿ ನೀರು ಹಸಿರಾಯ್ತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದವರು ಮರೆಯೋದಿಲ್ಲ.

ತೆಗೆಯುವ ಸುಲಭದ ದಾರಿ ಕಬ್ಬಿಣದ ಅಥವಾ ಅಲ್ಯೂಮಿನಿಯಂನ ಲವಣ ಸುರಿಯುವುದು. ರಂಜಕ ಅದಕ್ಕೆ ಅಂಟಿಕೊಂಡು ತಳಕ್ಕೆ ಕೂರುತ್ತದೆ. ನೀರೇನೋ ಚೊಕ್ಕ. ಆದರೆ ಕೆಸರು ಜಾಸ್ತಿ, ಲವಣದ ಖರ್ಚು ನಿಲ್ಲೋದಿಲ್ಲ, ಅಂಟಿದ ರಂಜಕವನ್ನು ಮತ್ತೆ ಬಿಡಿಸೋದು ಕಷ್ಟ.

ಇನ್ನೊಂದು ದಾರಿ ಬ್ಯಾಕ್ಟೀರಿಯಾ. ನನಗೆ ಇದೇ ಇಷ್ಟ. ಮೊದಲು ಅವನ್ನು ಗಾಳಿ ಇಲ್ಲದ ತೊಟ್ಟಿಗೆ ಬಿಡುತ್ತಾರೆ. ಅಲ್ಲಿ ಅವು ಕೂಡಿಟ್ಟ ರಂಜಕವನ್ನು ಖರ್ಚು ಮಾಡಿ ಊಟ ಒಳಗೆ ಎಳೆದುಕೊಳ್ಳುತ್ತವೆ. ಆಮೇಲೆ ಗಾಳಿ ಕೊಟ್ಟರೆ, ಬಿಟ್ಟದ್ದಕ್ಕಿಂತ ಹೆಚ್ಚು ರಂಜಕ ಬಾಚಿಕೊಳ್ಳುತ್ತವೆ. ಬರಗಾಲ ಕಂಡ ಮನೆಯವರು ಕಣಜ ತುಂಬಿಸಿದ ಹಾಗೆ. ಹೀಗೆ ತುಂಬಿಕೊಂಡವನ್ನು ಕೆಸರಿನ ಜೊತೆ ಹೊರಗೆ ತೆಗೆದರೆ ಆಯ್ತು.

ಎಡವಟ್ಟಾಗೋದು ಆಮೇಲೆ. ಆ ಕೆಸರನ್ನು ಗ್ಯಾಸ್‌ಗಾಗಿ ಕೊಳೆಸಿದಾಗ ಕಣಜ ಒಡೆಯುತ್ತದೆ. ರಂಜಕ, ಅಮೋನಿಯಾ, ಮೆಗ್ನೀಸಿಯಂ ಮೂರೂ ಒಂದೇ ನೀರಿನಲ್ಲಿ ಸೇರುತ್ತವೆ. ನೀರು ಕುಲುಕಾಡುವ ಕಡೆ, ಅಂದರೆ ಪಂಪಿನಲ್ಲಿ, ಪೈಪಿನ ತಿರುವಿನಲ್ಲಿ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಕ್ಷಾರ ಏರುತ್ತದೆ, ಮೂರೂ ಕೂಡಿ ಸ್ಟ್ರುವೈಟ್ ಹರಳು ಕೂರುತ್ತದೆ. ಹೇಗೂ ಕೂರುತ್ತದೆ ತಾನೆ, ನಾವು ಹೇಳಿದ ಕಡೆ ಕೂರಲಿ ಅಂತ ಬೇರೆ ತೊಟ್ಟಿ ಇಟ್ಟು, ಮೆಗ್ನೀಸಿಯಂ ಸೇರಿಸಿ ಹರಳು ಬೆಳೆಸುತ್ತಾರೆ. ನಿಧಾನಕ್ಕೆ ಕರಗುವ ಒಳ್ಳೆ ಗೊಬ್ಬರ ಅದು, ಸುಳ್ಳಲ್ಲ. ಆದರೆ ಘಟಕದವರನ್ನು ಕೇಳಿದರೆ, ಗೊಬ್ಬರದ ದುಡ್ಡಿಗಿಂತ ಪೈಪು ಕಟ್ಟದಿರುವುದೇ ದೊಡ್ಡ ಲಾಭ. ಒಳಗೆ ಬಂದ ರಂಜಕದಲ್ಲಿ ಹೀಗೆ ಸಿಗೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕೆಸರಲ್ಲೇ ಇರುತ್ತದೆ. ಚಿನ್ನದ ಮಾತಾಡುವವರು ಇದನ್ನು ಹೇಳೋದಿಲ್ಲ.

ಹಾಗಂತ ಬಿಟ್ಟುಬಿಡೋ ವಿಷಯವೂ ಅಲ್ಲ. ಗೊಬ್ಬರದ ರಂಜಕ ಬರೋದು ಅಗೆದ ಕಲ್ಲಿನಿಂದ. ಗೊತ್ತಿರುವ ನಿಕ್ಷೇಪದಲ್ಲಿ ಸುಮಾರು ಶೇ. 70 ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. ಆ ಕಲ್ಲು ಅಗ್ಗಕ್ಕೆ ಸಿಗೋವರೆಗೆ ಯಾರು ಕೆಸರು ಕೆದಕುತ್ತಾರೆ? ಅದಕ್ಕೇ ಜರ್ಮನಿ 2017ರಲ್ಲಿ ನಿಯಮ ತಂದಿತು. 1,00,000ಕ್ಕಿಂತ ಹೆಚ್ಚು ಜನರ ಲೆಕ್ಕದ ಘಟಕಗಳು, ಕೆಸರಿನಲ್ಲಿ ರಂಜಕ ಸಾಕಷ್ಟಿದ್ದರೆ, 2029ರಿಂದ ಅದನ್ನು ವಾಪಸ್ ತೆಗೆಯಲೇಬೇಕು. 50,000 ಮೀರಿದವಕ್ಕೆ 2032ರವರೆಗೆ ಸಮಯ. ಕೆಸರು ಸುಟ್ಟು ಬೂದಿಯಿಂದ ತೆಗೆದರೂ ಸರಿ. ದುಬಾರಿ, ಒಪ್ಪುತ್ತೇನೆ. ಆದರೆ ಕಾನೂನು ಬೆನ್ನು ಹತ್ತದೆ ಈ ಕೆಲಸ ಆಗಲ್ಲ ಅನ್ನೋದು ನನ್ನ ಅನಿಸಿಕೆ.

ನಗು ಬರೋದು ಇನ್ನೊಂದು ಲೆಕ್ಕಕ್ಕೆ. ಕೊಳಚೆ ನೀರಿನಲ್ಲಿ ಮೂತ್ರದ ಪಾಲು ಸುಮಾರು ಶೇ. 1. ರಂಜಕದ ಹೆಚ್ಚುಕಡಿಮೆ ಅರ್ಧ ಇರೋದು ಅದರಲ್ಲೇ! ಬೇರೆ ಪೈಪಿನಲ್ಲಿ ಹಿಡಿಯಬಹುದಾದದ್ದಕ್ಕೆ ನೂರು ಪಟ್ಟು ನೀರು ಬೆರೆಸಿ, ಆಮೇಲೆ ಇಷ್ಟೆಲ್ಲ ಸರ್ಕಸ್ ಮಾಡುತ್ತೇವೆ. 1669ರಲ್ಲಿ ರಂಜಕವನ್ನು ಮೊದಲು ಕಂಡ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಕೂಡ ಮೂತ್ರವನ್ನೇ ಕುದಿಸಿ ಬತ್ತಿಸಿದ್ದು. ಅವನು ಹುಡುಕುತ್ತಿದ್ದದ್ದು ನಿಜವಾದ ಚಿನ್ನ, ಅದು ಬೇರೆ ಮಾತು. ಚರಂಡಿಗಂತೂ ಕೈ ಹಾಕಲಿಲ್ಲ.